ಮೆಟ್ಟುಗತ್ತಿಗೆ ಹದ ಬೇಕಿದ್ದರೆ ಈ ಕುಲುಮೆಗೆ ಹೋಗಿ, ಆದರೆ ಅಮಾವಾಸ್ಯೆ ನೋಡಿಕೊಂಡು

ಅಡಿಕೆ ಕೊನೆ ಕೊಯ್ಲು ಹತ್ತಿರ ಬಂತೆಂದರೆ ನಮ್ಮ ಕಡೆ ಎಲ್ಲರದ್ದೂ ಒಂದೇ ಪ್ರಶ್ನೆ, ಈ ಸಲ ಕತ್ತಿ ಎಲ್ಲಿ ಹಣಿಸೋದು, ಅಂದರೆ ಬಡಿಸಿ ಹರಿತ ಮಾಡಿಸೋದು ಅಂತ. ನಾನು ಹೇಳುವುದು ಒಂದೇ ಜಾಗ. ತೀರ್ಥಹಳ್ಳಿಯಿಂದ ಕೊಪ್ಪದ ಕಡೆ ಹೋಗುವಾಗ ಮುಖ್ಯರಸ್ತೆ ಬಿಟ್ಟು ಒಳಗೆ ಇಳಿದರೆ ಸಿಗುವ ಹೆಂಚಿನ ಮಾಡಿನ ಕುಲುಮೆ. ಬೋರ್ಡಿಲ್ಲ. ಆಚಾರ್ರ ಕುಲುಮೆ ಅಂದರೆ ಸಾಕು, ಯಾರಾದರೂ ಕೈ ತೋರಿಸುತ್ತಾರೆ.

ಅಡಿಕೆ ಸುಲಿಯುವ ಯಂತ್ರ ಊರಿಗೆ ಬಂದಿದೆ, ಬಾಡಿಗೆಗೂ ಸಿಗುತ್ತದೆ, ಗೊತ್ತು. ಆದರೂ ನಮ್ಮ ಮನೆಯಲ್ಲಿ ಹಸ ಅನ್ನುವ ಮೇಲ್ದರ್ಜೆಗೆ ಹೋಗುವ ಎಳೆ ಅಡಿಕೆ ಇನ್ನೂ ಕಾಲಲ್ಲಿ ಮೆಟ್ಟಿ ಹಿಡಿಯುವ ಮೆಟ್ಟುಗತ್ತಿಯಲ್ಲೇ ಸುಲಿಯೋದು. ರಾತ್ರಿ ಊಟವಾದ ಮೇಲೆ ಕೂತರೆ ಏಳುವುದು ಯಾವಾಗಲೋ. ಕತ್ತಿ ಮೊಂಡಾಗಿದ್ದರೆ ಹೆಬ್ಬೆರಳಿಗೆ ಮೊದಲು ಗೊತ್ತಾಗುತ್ತದೆ. ಸಿಪ್ಪೆ ಒಂದೇ ಎಳೆತಕ್ಕೆ ಬಿಡೋದಿಲ್ಲ, ಒತ್ತಿ ಒತ್ತಿ ಅಡಿಕೆಯ ಮೈಗೇ ಗಾಯ. ಗಾಯವಾದ ಅಡಿಕೆ ಬೇಯಿಸಿ ಒಣಗಿಸಿದ ಮೇಲೆ ಯಾವ ದರಕ್ಕೆ ಹೋಗುತ್ತದೆ ಅಂತ ಬೆಳೆದವರಿಗೆ ಹೇಳಬೇಕಿಲ್ಲ.

ಈ ಆಚಾರ್ರ ಬಗ್ಗೆ ನನಗಿರುವ ಗೌರವಕ್ಕೆ ಕಾರಣ ಅವರು ಕತ್ತಿ ಕೈಗೆ ತಗೊಂಡ ಕೂಡಲೇ ಕೇಳುವ ಮಾತು. "ಇದ್ರಲ್ಲಿ ಎಂಥ ಕೊಯ್ತೀರಿ ಅಮ್ಮಾ?" ಸೊಪ್ಪು ಕಡಿಯುವ ಕತ್ತಿ, ಹುಲ್ಲುಗತ್ತಿ, ಮೆಟ್ಟುಗತ್ತಿ ಮೂರಕ್ಕೂ ಅವರು ಬಾಯಿ ಬೇರೆ ಬೇರೆ ಇಡುತ್ತಾರೆ. ಸೊಪ್ಪಿನ ಕತ್ತಿ ಗಟ್ಟಿ ಕೊಂಬೆಗೂ ಬೀಳಬೇಕು, ಹಾಗಾಗಿ ಅದರ ಬೆನ್ನಿನಿಂದ ಬಾಯಿಗೆ ಇಳಿಜಾರು ದಪ್ಪ. ಹುಲ್ಲುಗತ್ತಿ ತೆಳ್ಳಗೆ. ಮೆಟ್ಟುಗತ್ತಿಗೆ ಉದ್ದದ ಅಲಗಿಗಿಂತ ಮೊನೆ ಮುಖ್ಯ, ಸಿಪ್ಪೆಗೆ ಮೊದಲು ಹೊಗುವುದು ಅದೇ. ಪೇಟೆಯಲ್ಲಿ ಕರೆಂಟಿನ ಸಾಣೆಚಕ್ರಕ್ಕೆ ಕೊಟ್ಟರೆ ಇದ್ಯಾವುದನ್ನೂ ಕೇಳುವುದಿಲ್ಲ. ಎಲ್ಲಕ್ಕೂ ಒಂದೇ ಕಿಡಿ, ಒಂದೇ ಬಾಯಿ.

ನಾನೂ ಒಮ್ಮೆ ಮೆಟ್ಟುಗತ್ತಿಯನ್ನು ಅಂಥ ಪೇಟೆ ಅಂಗಡಿಗೆ ಕೊಟ್ಟಿದ್ದೆ, ಹೆಸರು ಇಲ್ಲಿ ಬೇಡ. ಐದೇ ನಿಮಿಷದಲ್ಲಿ ಕತ್ತಿ ಫಳಫಳ ಮಾಡಿಕೊಟ್ಟರು. ಮನೆಗೆ ತಂದು ಬಿಸಿಲಲ್ಲಿ ಹಿಡಿದು ನೋಡಿದರೆ ಬಾಯಿಯ ಉದ್ದಕ್ಕೂ ನೀಲಿ ಗೆರೆ. ಒಣಚಕ್ರಕ್ಕೆ ಒತ್ತಿ ಹಿಡಿದರೆ ತೆಳು ಅಂಚು ನೋಡನೋಡುತ್ತಲೇ ಕಾಯುತ್ತದೆ. ಉಕ್ಕು ನೀಲಿಗೆ ತಿರುಗಿತೆಂದರೆ ಸುಮಾರು 300 ಡಿಗ್ರಿ ಕಂಡಿದೆ ಅಂತ ಲೆಕ್ಕ, ಅಷ್ಟಾದರೆ ಕತ್ತಿಬಾಯಿಗೆ ಬೇಕಾದ ಗಡಸು ಉಳಿಯೋದಿಲ್ಲ. ಮಾರನೇ ದಿನ ಒಂದು ಬುಟ್ಟಿ ಅಡಿಕೆ ಮುಗಿಯುವುದರೊಳಗೆ ಮೊನೆ ತಗಡಿನ ಹಾಗೆ ಮಗ್ಗುಲಿಗೆ ಹೊರಳಿತು. ಆಚಾರ್ರಿಗೆ ತೋರಿಸಿದೆ. ಬೈಯಲಿಲ್ಲ, ನಗಲೂ ಇಲ್ಲ. ನೀಲಿ ಇದ್ದಷ್ಟನ್ನೂ ಅರ ಹಾಕಿ ತೆಗೆದು ಮೊದಲಿಂದ ಶುರುಮಾಡಿದರು.

ಅವರು ಹದ ಹಾಕುವುದನ್ನು ಪಕ್ಕದಲ್ಲಿ ನಿಂತು ನೋಡಬೇಕು. ಕುಲುಮೆ ಒಳಗೆ ಕತ್ತಲು. ಕಿಟಕಿ ಇಟ್ಟಿಲ್ಲವಲ್ಲ ಅಂತ ಮೊದಲು ನನಗೂ ಅನ್ನಿಸಿತ್ತು. ಬೆಳಕು ಜಾಸ್ತಿಯಾದರೆ ಕಾದ ಕಬ್ಬಿಣದ ಬಣ್ಣ ಕಣ್ಣಿಗೆ ಮೋಸ ಮಾಡುತ್ತದಂತೆ. ತಿದಿ ಈಗಿಲ್ಲ, ಕರೆಂಟಿನ ಬ್ಲೋವರ್ ಬಂದಿದೆ. ಇದ್ದಿಲಲ್ಲಿ ಕತ್ತಿ ಕೆಂಪಾದಾಗ ಅಡಿಗಲ್ಲಿನ ಮೇಲಿಟ್ಟು ಸಣ್ಣ ಸುತ್ತಿಗೆಯಲ್ಲಿ ಬಾಯಿಯನ್ನಷ್ಟೇ ಹಣಿಯುತ್ತಾರೆ, ಆಮೇಲೆ ಅರ. ಕೊನೆಗೆ ಇನ್ನೊಮ್ಮೆ ಕಾಯಿಸಿ ಇಕ್ಕಳದಲ್ಲಿ ಹಿಡಿದು ಬಾಯಿಯನ್ನು ಮಾತ್ರ ನೀರಿಗೆ ಅದ್ದಿ ತೆಗೆಯುತ್ತಾರೆ, ಬೆನ್ನು ಇನ್ನೂ ಕಾದೇ ಇರುತ್ತದೆ. ತಕ್ಷಣ ಒಂದು ಇಟ್ಟಿಗೆ ಚೂರಿಗೆ ಬಾಯಿಯನ್ನು ಉಜ್ಜಿ ಬೆಳ್ಳಗೆ ಮಾಡಿ, ಕಣ್ಣು ಕಿರಿದು ಮಾಡಿ ನೋಡುತ್ತಾ ನಿಲ್ಲುತ್ತಾರೆ. ಬೆನ್ನಿನ ಬಿಸಿ ನಿಧಾನಕ್ಕೆ ಬಾಯಿಯತ್ತ ಹರಿಯುತ್ತದೆ. ಮೊದಲು ಒಣಹುಲ್ಲಿನ ಹಳದಿ, ಬಿಟ್ಟರೆ ಕಂದು, ನೇರಳೆ, ಆಮೇಲೆ ನೀಲಿ. ಮೆಟ್ಟುಗತ್ತಿಗೆ ಹಳದಿ ಕಂಡ ಕೂಡಲೇ ಪೂರ್ತಿ ನೀರಿಗೆ. 220–230 ಡಿಗ್ರಿ ಆಸುಪಾಸಿನ ಬಣ್ಣ ಅದು. ಹಾರೆಗಾದರೆ ನೇರಳೆ ದಾಟುವವರೆಗೂ ಕಾಯುತ್ತಾರೆ. ಯಾಕೆ ಅಂದರೆ, "ಹಾರೆ ಕಲ್ಲಿಗೆ ಬೀಳ್ತದಲ್ಲ ಅಮ್ಮಾ, ಕತ್ತಿಯಷ್ಟು ಗಡಸು ಕೊಟ್ರೆ ಚಕ್ಕೆ ಏಳ್ತದೆ." ನೀಲಿ ಬಣ್ಣ ಕತ್ತಿಗೆ ಕೇಡು, ಹಾರೆಗೆ ಬೇಕು. ಚಕ್ರದಂಗಡಿಯವರಿಗೆ ಇದನ್ನು ಯಾರು ಹೇಳಬೇಕೋ.

ಹೊಸ ಕತ್ತಿಯನ್ನೂ ಮಾಡಿಕೊಡುತ್ತಾರೆ, ಹಳೇ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ. ಬೆಲೆ ಅಂಗಡಿ ಕತ್ತಿಗಿಂತ ಜಾಸ್ತಿ, ಬಾಳಿಕೆಯೂ ಹಾಗೇ. ಮೆಟ್ಟುಗತ್ತಿ ಹಣಿಸಿ ಹದ ಹಾಕಿಸಲು ನನ್ನಿಂದ ಹೋದ ಸೀಸನ್ನಿನಲ್ಲಿ ತಗೊಂಡದ್ದು 80 ರೂಪಾಯಿ, ಹಾರೆಗೆ 150. ನಮ್ಮ ಅತ್ತೆ ಕಾಲಕ್ಕೆ ದುಡ್ಡಿನ ಮಾತೇ ಇರಲಿಲ್ಲ, ಸುಗ್ಗಿಯಲ್ಲಿ ಇಷ್ಟು ಭತ್ತ ಅಂತ ಅಳೆದು ಕೊಟ್ಟರೆ ವರ್ಷವಿಡೀ ಕೆಲಸ. ಈಗ ಇದ್ದಿಲು ಸಿಗುವುದೇ ಕಷ್ಟ, ತೆಂಗಿನ ಚಿಪ್ಪು ಸುಟ್ಟ ಇದ್ದಿಲು ಬೆರೆಸುತ್ತಾರೆ. ನಾವು ಹೋಗುವಾಗ ಒಂದು ಚೀಲ ಚಿಪ್ಪು ಒಯ್ದರೆ ಮುಖ ಅರಳುತ್ತದೆ, ದರ ಇಳಿಯುತ್ತದೆ ಅಂತ ಮಾತ್ರ ತಿಳೀಬೇಡಿ.

ಎಲ್ಲ ಕೆಲಸಕ್ಕೂ ಇಲ್ಲಿಗೇ ಓಡಬೇಡಿ. ಕಳೆ ಹೊಡೆಯುವ ಯಂತ್ರದ ಬ್ಲೇಡು, ಮರ ಕೊಯ್ಯುವ ಚೈನ್ ಮುಟ್ಟುವುದಿಲ್ಲ, "ಅದಕ್ಕೆ ಬೆಂಕಿ ತೋರಿಸಬಾರದು" ಅಂತ ಹೊರಗೇ ಇಡಿಸುತ್ತಾರೆ. ಸರಿಯೇ. ಚೈನಿಗೆ ದುಂಡು ಅರ ಸಾಕು, ಮನೆಯಲ್ಲೇ ಆಗುತ್ತದೆ. ಅರದ ದಪ್ಪ ಚೈನಿಗೆ ಹೊಂದಬೇಕು, 4 ಮಿಲಿಮೀಟರಿನದ್ದು, 4.8ರದ್ದು ಹೀಗೆ. ಚೈನಿನ ಜೊತೆ ಬರುವ ಪುಸ್ತಕದಲ್ಲಿ ಬರೆದಿರುತ್ತದೆ. ಮುಂದಕ್ಕೆ ಮಾತ್ರ ಒತ್ತಿ, ಹಿಂದಕ್ಕೆ ಎಳೆಯುವಾಗ ಎತ್ತಿಬಿಡಿ, ಪ್ರತಿ ಹಲ್ಲಿಗೂ ಅಷ್ಟಷ್ಟೇ ಸಲ. ಒಂದು ಕಡೆಗೆ ಜಾಸ್ತಿಯಾದರೆ ಗರಗಸ ಓರೆಗೆ ಕೊಯ್ಯುತ್ತದೆ. ಕೊನೆ ಇಳಿಸುವ ಉದ್ದ ಕೋಲು, ದೋಟಿ, ಅದರ ತುದಿಯ ಕತ್ತಿ ಮಾತ್ರ ಕುಲುಮೆಯಲ್ಲೇ ಮಾಡಿಸಿ, ಆದರೆ ಕೊಳವೆಯಿಂದ ಕಳಚಿ ಒಯ್ಯಿರಿ. ಫೈಬರ್ ದೋಟಿಯನ್ನು ಪೂರ್ತಿ ಹೊತ್ತುಕೊಂಡು ಬೆಂಕಿ ಪಕ್ಕ ಬಂದವರನ್ನು ಅವರು ಗದರಿದ್ದು ನಾನೇ ಕೇಳಿದ್ದೇನೆ.

ಹಣಿಸಿ ತಂದ ಮೇಲೆ ನಮ್ಮ ಕೆಲಸವೂ ಇದೆ. ಅಡಿಕೆ ಚೊಗರು ಕಬ್ಬಿಣಕ್ಕೆ ತಾಗಿದರೆ ಕಪ್ಪು ಕಟ್ಟುತ್ತದೆ, ಹಾಗೇ ಬಿಟ್ಟರೆ ಬಾಯಿ ತಿನ್ನುತ್ತದೆ. ಎದ್ದು ಹೋಗುವ ಮುಂಚೆ ತೊಳೆದು ಒರೆಸಿ ಕೊಬ್ಬರಿ ಎಣ್ಣೆ ಸವರುತ್ತೇನೆ. ಗುದ್ದಲಿ, ಹಾರೆಗಾದರೆ ಬೈಕಿನಿಂದ ತೆಗೆದ ಹಳೇ ಆಯಿಲ್ ನಡೆಯುತ್ತದೆ, ಅಡಿಕೆಗೆ ತಾಗುವ ಕತ್ತಿಗೆ ಬೇಡವೇ ಬೇಡ. ಮಳೆಗಾಲದಲ್ಲಿ ನೆಲಕ್ಕೆ ತಾಗಿಸಿ ಇಡಬೇಡಿ.

ಇನ್ನು ತಕರಾರು. ಇಂಥ ದಿನ ಕೊಡುತ್ತೇನೆ ಅಂದರೆ ಆ ದಿನ ಆಗಿರುವುದಿಲ್ಲ. ದೀಪಾವಳಿ ಹೊತ್ತಿಗೆ ಬಾಗಿಲಲ್ಲಿ ಕತ್ತಿಗಳ ರಾಶಿ, ಮೊದಲು ತಂದವರದ್ದು ಅಡಿಯಲ್ಲಿ. ಆಗಸ್ಟಿನಲ್ಲೇ ಕೊಟ್ಟುಬಿಡುವುದು ಜಾಣತನ. ಅಮಾವಾಸ್ಯೆ ದಿನ ಬೆಂಕಿ ಹಾಕುವುದಿಲ್ಲ, ಹೋದರೆ ಬೀಗ. ಫೋನ್ ಇದೆ, ಎತ್ತುವುದಿಲ್ಲ. ಸುತ್ತಿಗೆ ಸದ್ದಿನಲ್ಲಿ ಕೇಳುವುದೂ ಇಲ್ಲ ಬಿಡಿ.

ಚೀಟಿ ಗೀಟಿ ಕಟ್ಟುವ ಪದ್ಧತಿಯಂತೂ ಇಲ್ಲವೇ ಇಲ್ಲ. ಕತ್ತಿಯ ಕಾವಿನ, ಅಂದರೆ ಹಿಡಿಕೆಯ ಮೇಲೆ ಗುರುತು ಕೊರೆದೇ ಕೊಡಿ. ನಮ್ಮದು ಗುರುತಿದ್ದೂ ಅದಲುಬದಲಾಗಿದೆ. ಕಾವಿನ ಮೇಲೆ 'ಲ' ಅಂತ ಕೊರೆದ ಹುಲ್ಲುಗತ್ತಿ ಯಾರ ಮನೆಯಲ್ಲಾದರೂ ಇದ್ದರೆ ಕುಲುಮೆಗೆ ತಂದಿಡಿ ಮಾರಾಯ್ರೆ, ನಿಮ್ಮದು ನಮ್ಮ ಕೊಟ್ಟಿಗೆಯಲ್ಲಿ ಭದ್ರವಾಗಿದೆ.