ನಮ್ಮೂರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ: ಆರೂವರೆ ವರ್ಷಗಳ ನಂತರ ಒಬ್ಬ ಪೋಷಕಿಯ ವಿಮರ್ಶೆ

ನನ್ನ ಮಗಳು 2019ರ ಜೂನ್‌ನಲ್ಲಿ ನಮ್ಮೂರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಒಂದನೇ ತರಗತಿಗೆ ಸೇರಿದಳು; ಮಗ 2022ರಲ್ಲಿ ಸೇರಿದ. ಈಗ ಅವಳು ಏಳನೆಯ ತರಗತಿಯಲ್ಲಿದ್ದಾಳೆ, ಅವನು ನಾಲ್ಕನೆಯದರಲ್ಲಿ. ಊರು ತುಮಕೂರು ಜಿಲ್ಲೆಯದು, ತಾಲ್ಲೂಕು ಕೇಂದ್ರಕ್ಕೆ ಎಂಟು ಕಿಲೋಮೀಟರ್ ದೂರ. ನಾನು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುತ್ತೇನೆ, ನಮ್ಮ ಮನೆಯವರು ತೆಂಗಿನ ತೋಟ ನೋಡಿಕೊಳ್ಳುತ್ತಾರೆ. ಪಟ್ಟಣದ ಇಂಗ್ಲಿಷ್ ಮಾಧ್ಯಮ ಶಾಲೆಯ ಶುಲ್ಕ ನಮಗೆ ಭಾರವಾಗುತ್ತಿತ್ತೇ ಹೊರತು ಕೈಗೆ ಎಟುಕದಷ್ಟೇನೂ ಆಗಿರಲಿಲ್ಲ. ಬೇರೆ ದಾರಿಯಿಲ್ಲದೆ ಈ ಶಾಲೆಗೆ ಹಾಕಿದವರಲ್ಲ ನಾವು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಡುವೆ ಮೂರು ವರ್ಷ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಅಂದರೆ ಎಸ್‌ಡಿಎಂಸಿ ಸದಸ್ಯೆಯೂ ಆಗಿದ್ದೆ. ಶಾಲೆಯ ಹೆಸರು ಬರೆಯುವುದಿಲ್ಲ. ಇರುವವರೇ ನಾಲ್ಕು ಜನ ಶಿಕ್ಷಕರು, ಹೆಸರು ಬರೆದರೆ ಯಾವ ಮಾತು ಯಾರಿಗೆ ಎಂದು ಇಡೀ ತಾಲ್ಲೂಕಿಗೆ ತಿಳಿಯುತ್ತದೆ.

ಮೊದಲು ನಲಿ-ಕಲಿಯ ವಿಚಾರ. ಈ ಶಾಲೆಯಲ್ಲಿ ನಾನು ಅತಿ ಹೆಚ್ಚು ಮೆಚ್ಚುವುದು ಅದನ್ನೇ, ಪೋಷಕರು ಅತಿ ಹೆಚ್ಚು ಅನುಮಾನದಿಂದ ನೋಡುವುದೂ ಅದನ್ನೇ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಆಂಧ್ರದ ರಿಷಿ ವ್ಯಾಲಿಯ ಮಾದರಿಯಿಂದ ಪ್ರೇರಣೆ ಪಡೆದು, ಯುನಿಸೆಫ್ ನೆರವಿನೊಂದಿಗೆ ಆರಂಭವಾದ ಈ ಪದ್ಧತಿ 2009-10ರಿಂದ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೊಠಡಿಯಲ್ಲಿ ಗುಂಪು ಗುಂಪಾಗಿ ಕುಳಿತು, ಗೋಡೆಯ ಮೇಲಿನ ಕಲಿಕಾ ಏಣಿಯಲ್ಲಿ ತಾವು ಎಲ್ಲಿದ್ದೇವೆಂದು ನೋಡಿಕೊಂಡು, ಚಿತ್ರದ ಗುರುತಿರುವ ಕಾರ್ಡನ್ನು ತಾವೇ ತಟ್ಟೆಯಿಂದ ಎತ್ತಿಕೊಂಡು ಕಲಿಯುತ್ತಾರೆ. ಒಂದು ಗುಂಪಿಗೆ ಶಿಕ್ಷಕಿ ಪೂರ್ತಿ ಜೊತೆಗಿರುತ್ತಾರೆ, ಇನ್ನೊಂದಕ್ಕೆ ಜೊತೆಯ ಮಕ್ಕಳೇ ಸಹಾಯ ಮಾಡುತ್ತಾರೆ, ಮತ್ತೊಂದು ತನ್ನಷ್ಟಕ್ಕೆ ಕೆಲಸ ಮಾಡಿಕೊಳ್ಳುತ್ತದೆ. ಜ್ವರವೆಂದೋ ಜಾತ್ರೆಯೆಂದೋ ವಾರವಿಡೀ ಗೈರುಹಾಜರಾದ ಮಗು ಹಿಂತಿರುಗಿದಾಗ ತಾನು ಬಿಟ್ಟ ಕಾರ್ಡಿನಿಂದಲೇ ಮುಂದುವರಿಯುವುದರಿಂದ, ಪಾಠ ತಪ್ಪಿತೆಂಬ ಮಾತೇ ಬರುವುದಿಲ್ಲ.

ಮಗಳು ಸೇರಿದ ಹೊಸತರಲ್ಲಿ ನಮ್ಮ ಅತ್ತೆಯವರಿಗೆ ಇದು ಸ್ವಲ್ಪವೂ ಒಪ್ಪಿಗೆಯಾಗಲಿಲ್ಲ. ತಿಂಗಳು ಕಳೆದರೂ ಮೊಮ್ಮಗಳಿಗೆ ಅ, ಆ, ಇ, ಈ ಬರುವುದಿಲ್ಲವೆಂದು ಅವರು ಶಾಲೆಗೇ ಹೋಗಿ ಕೇಳಿದರು. ನಲಿ-ಕಲಿ ವರ್ಣಮಾಲೆಯ ಕ್ರಮದಲ್ಲಿ ಹೋಗುವುದಿಲ್ಲ. ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ ಹೊರಟು, ಆಮೇಲೆ ಜ, ವ, ಮ, ಬ, ನ ಎಂದು ಮುಂದುವರಿಯುತ್ತದೆ. ಶಿಕ್ಷಕಿ ಮಗುವಿನ ಕೈಗೆ ಸೀಮೆಸುಣ್ಣ ಕೊಟ್ಟರು. ಅವಳು ನೆಲದ ಹತ್ತಿರದ ಗೋಡೆ ಹಲಗೆಯ ಮೇಲೆ ಸರ, ಅರಸ, ಅಗಸ, ಗರಗಸ, ದಸರ ಎಂದು ಬರೆದು ತೋರಿಸಿದಳು. ಅತ್ತೆಯವರು ಮನೆಗೆ ಬಂದು ಹೇಳಿದ್ದು ಇಷ್ಟೇ: "ನಮಗೆ ಐವತ್ತು ಅಕ್ಷರ ಬಾಯಿಪಾಠ ಬಂದಾಗಲೂ ಒಂದು ಪದ ಬರೆಯೋಕೆ ಬರ್ತಿರಲಿಲ್ಲ."

ಆ ಉತ್ಸಾಹ ಒಂಬತ್ತು ತಿಂಗಳಿಗೆ ಮುಗಿಯಿತು. 2020ರ ಮಾರ್ಚ್‌ನಲ್ಲಿ ಮುಚ್ಚಿದ ಶಾಲೆ ಒಂದರಿಂದ ಐದನೆಯ ತರಗತಿಯವರಿಗೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ನಡುವೆ ವಿದ್ಯಾಗಮದ ಹೆಸರಿನಲ್ಲಿ ಶಿಕ್ಷಕರು ಅರಳಿಕಟ್ಟೆಗೆ ಬಂದು ಕೆಲವು ವಾರ ಪಾಠ ಹೇಳಿದರು, ಅದೂ 2020ರ ಅಕ್ಟೋಬರ್‌ನಲ್ಲಿ ನಿಂತುಹೋಯಿತು. ಹೀಗೆ ಮಗಳು ಏಣಿಯ ಅರ್ಧವನ್ನೂ ಹತ್ತದೆ ನಾಲ್ಕನೆಯ ತರಗತಿಗೆ ಬಂದಳು. ಒತ್ತಕ್ಷರ ಬಂದಲ್ಲೆಲ್ಲ ಅವಳ ಓದು ಮುಗ್ಗರಿಸುತ್ತಿತ್ತು. 2022-23ರ ಕಲಿಕಾ ಚೇತರಿಕೆ ವರ್ಷದಲ್ಲಿ ಹಿಂದಿನ ತರಗತಿಗಳ ಪಾಠವನ್ನೇ ಸೇರಿಸಿಕೊಂಡ ಅಭ್ಯಾಸ ಹಾಳೆಗಳು ಬಂದದ್ದು ಅವಳನ್ನು ಉಳಿಸಿತು ಎಂದು ನಾನು ಈಗಲೂ ನಂಬಿದ್ದೇನೆ. ಅದೇ ಸಮಯದಲ್ಲಿ ಪಟ್ಟಣದ ಖಾಸಗಿ ಶಾಲೆಯಲ್ಲಿ ಓದುತ್ತಿದ್ದ ನನ್ನ ತಂಗಿಯ ಮಗನಿಗೆ, ಏನೂ ಆಗಿಯೇ ಇಲ್ಲವೆಂಬಂತೆ, ನಾಲ್ಕನೆಯ ತರಗತಿಯ ಪುಸ್ತಕವನ್ನು ಮೊದಲ ಪುಟದಿಂದ ಆರಂಭಿಸಿದ್ದರು.

ಮಗನಿಗಾದರೋ ಒಬ್ಬರೇ ಶಿಕ್ಷಕಿಯ ಕೈಯಲ್ಲಿ ಮೂರು ವರ್ಷದ ನಲಿ-ಕಲಿ ಪೂರ್ತಿಯಾಗಿ ಸಿಕ್ಕಿತು. ಎರಡನೆಯ ತರಗತಿಯ ಕೊನೆಗೆ ಅವನು ದಿನಪತ್ರಿಕೆಯ ತಲೆಬರಹಗಳನ್ನು ತಾತನಿಗೆ ಓದಿಹೇಳುತ್ತಿದ್ದ. ಹಾಗಿದ್ದರೂ ಈ ಶಾಲೆಯ ನಲಿ-ಕಲಿ ಚೆನ್ನಾಗಿದೆ ಎಂದು ನಾನು ಇಂದು ಬರೆಯಲಾರೆ. ಆ ಶಿಕ್ಷಕಿ ಈ ವರ್ಷ ಕೌನ್ಸೆಲಿಂಗ್‌ನಲ್ಲಿ ವರ್ಗಾವಣೆ ಪಡೆದು ತಮ್ಮ ಊರಿನ ಹತ್ತಿರಕ್ಕೆ ಹೋದರು. ಹದಿಮೂರು ವರ್ಷ ಕಾದು ಪಡೆದ ವರ್ಗಾವಣೆಯನ್ನು ಯಾರೂ ತಪ್ಪೆನ್ನಲಾಗದು. ಅವರ ಜಾಗಕ್ಕೆ ಬಂದ ಅತಿಥಿ ಶಿಕ್ಷಕಿಗೆ ನಲಿ-ಕಲಿಯ ತರಬೇತಿಯೇ ಆಗಿಲ್ಲ. ಕಾರ್ಡುಗಳು ಪೆಟ್ಟಿಗೆಯಲ್ಲಿವೆ, ಮಕ್ಕಳು ಹಲಗೆ ನೋಡಿ ನಕಲು ಮಾಡುತ್ತಾರೆ. ಕೊಠಡಿ, ಗೋಡೆ ಹಲಗೆ, ಏಣಿಯ ಪಟ ಎಲ್ಲವೂ ಮೊದಲಿನಂತೆಯೇ ಇವೆ. ಸರ್ಕಾರಿ ಶಾಲೆಯ ಬಗ್ಗೆ ಯಾರಾದರೂ ಒಳ್ಳೆಯದನ್ನೋ ಕೆಟ್ಟದ್ದನ್ನೋ ಹೇಳಿದರೆ, ಅದು ಯಾವ ವರ್ಷದ ಮಾತು, ಆ ವರ್ಷ ಯಾರಿದ್ದರು ಎಂದು ನಾನು ಈಗ ಮೊದಲು ಕೇಳುತ್ತೇನೆ.

ಶಿಕ್ಷಕರ ಸಂಖ್ಯೆಯೂ ಇದಕ್ಕೆ ಸೇರಿದ ವಿಷಯವೇ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಪ್ರಾಥಮಿಕ ಹಂತದಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕರಿರಬೇಕು. ನಮ್ಮಲ್ಲಿ 64 ಮಕ್ಕಳಿಗೆ ನಾಲ್ವರು ಎಂದರೆ ಕಾಗದದ ಮೇಲೆ ಸಮೃದ್ಧಿ. ಏಳು ತರಗತಿಗಳಿಗೆ ನಾಲ್ವರು ಎಂದು ಲೆಕ್ಕ ಹಾಕಿದಾಗ ನಿಜ ತಿಳಿಯುತ್ತದೆ. ಆ ನಾಲ್ವರಲ್ಲಿ ಮುಖ್ಯ ಶಿಕ್ಷಕರ ದಿನದ ಬಹುಭಾಗ ಆನ್‌ಲೈನ್ ಮಾಹಿತಿ ತುಂಬುವುದಕ್ಕೂ ಮೊಟ್ಟೆ ತರುವುದಕ್ಕೂ ಹೋಗುತ್ತದೆ. ಒಂದು ಮೊಟ್ಟೆಗೆ, ಬೇಯಿಸಿ ಸುಲಿಯುವ ಖರ್ಚೂ ಸೇರಿ, ಸರ್ಕಾರ ಕೊಡುವುದು 6 ರೂಪಾಯಿ. ನಮ್ಮೂರ ಅಂಗಡಿಯಲ್ಲಿ ಬೆಲೆ ಅದನ್ನು ದಾಟಿದ ತಿಂಗಳುಗಳಲ್ಲಿ ಉಳಿದದ್ದನ್ನು ಅವರು ತಮ್ಮ ಜೇಬಿನಿಂದ ಹಾಕಿದ್ದನ್ನು ಎಸ್‌ಡಿಎಂಸಿ ಲೆಕ್ಕ ನೋಡುವಾಗ ಕಂಡಿದ್ದೇನೆ.

ಊಟದ ಬಗ್ಗೆ ಮಾತ್ರ ನನಗೆ ದೂರಿಲ್ಲ. 2013ರಲ್ಲಿ ಆರಂಭವಾದ ಕ್ಷೀರಭಾಗ್ಯದ 150 ಮಿಲಿಲೀಟರ್ ಹಾಲು, 2024ರಿಂದ ವಾರಕ್ಕೆ ಮೂರು ದಿನ ಅದರೊಂದಿಗೆ ರಾಗಿ ಮಾಲ್ಟ್, ಮಧ್ಯಾಹ್ನದ ಬಿಸಿಯೂಟ, ಅಜೀಂ ಪ್ರೇಮ್‌ಜಿ ಫೌಂಡೇಶನ್ ಕೈಜೋಡಿಸಿದ ಮೇಲೆ ವಾರದ ಆರೂ ದಿನ ಮೊಟ್ಟೆ ಅಥವಾ ಬಾಳೆಹಣ್ಣು. ಮನೆಯಲ್ಲಿ ಸೊಪ್ಪಿನ ಸಾರು ಕಂಡರೆ ಮೂಗು ಮುರಿಯುವ ಮಗ ಅಲ್ಲಿ ಎರಡು ಸಲ ಹಾಕಿಸಿಕೊಳ್ಳುತ್ತಾನಂತೆ.

ನಾಲ್ಕನೆಯ ತರಗತಿಯಿಂದ ಚಿತ್ರ ಬದಲಾಗುತ್ತದೆ. ಕಾರ್ಡುಗಳು ಹೋಗಿ ಪಠ್ಯಪುಸ್ತಕ ಬರುತ್ತದೆ. ಏಣಿಯನ್ನು ಮುಗಿಸಿದವರೂ ಮುಗಿಸದವರೂ ಒಂದೇ ಸಾಲಿನಲ್ಲಿ ಕೂರುತ್ತಾರೆ. ಮಗಳ ಐದನೆಯ ತರಗತಿಯ ರಾಜ್ಯಮಟ್ಟದ ಮೌಲ್ಯಾಂಕನ ಪರೀಕ್ಷೆ 2024ರ ಮಾರ್ಚ್ 11ರಂದು ಆರಂಭವಾಗಿ, ಸುಪ್ರೀಂ ಕೋರ್ಟಿನ ಆದೇಶದಿಂದ ನಡುವೆಯೇ ನಿಂತು, ಹೈಕೋರ್ಟಿನ ತೀರ್ಪಿನ ನಂತರ 25ರಂದು ಮುಂದುವರಿದು, ಏಪ್ರಿಲ್‌ನಲ್ಲಿ ಫಲಿತಾಂಶಕ್ಕೂ ತಡೆ ಬಿತ್ತು. ಹತ್ತು ವರ್ಷದ ಮಗುವಿಗೆ ಇದನ್ನು ವಿವರಿಸುವುದು ನನ್ನಿಂದಾಗಲಿಲ್ಲ. ಆರು ಮತ್ತು ಏಳನೆಯ ತರಗತಿಯ ಗಣಿತ, ವಿಜ್ಞಾನದ ಹುದ್ದೆ ಎರಡು ವರ್ಷದಿಂದ ಖಾಲಿಯಿದೆ. ಕಳೆದ ವರ್ಷ ಬಂದ ಅತಿಥಿ ಶಿಕ್ಷಕರು ಚೆನ್ನಾಗಿ ಪಾಠ ಮಾಡುತ್ತಿದ್ದರು, ಆದರೆ ತಿಂಗಳಿಗೆ ಹತ್ತು ಸಾವಿರ ರೂಪಾಯಿಯ ಗೌರವಧನವೂ ನಾಲ್ಕು ತಿಂಗಳು ತಡವಾಗಿ ಕೈಸೇರಿದ್ದರಿಂದ ಡಿಸೆಂಬರ್‌ನಲ್ಲಿ ಬೇರೆ ಕೆಲಸ ಹುಡುಕಿಕೊಂಡರು. ಮಗಳು ಭಿನ್ನರಾಶಿಯನ್ನು ಕಲಿತದ್ದು ಹೆಚ್ಚಾಗಿ ನಮ್ಮ ಅಡುಗೆಮನೆಯಲ್ಲಿ.

ಇಂಗ್ಲಿಷ್ ವಿಚಾರದಲ್ಲಿ ನಮ್ಮ ಮನೆಯವರಿಗೂ ನನಗೂ ಇಂದಿಗೂ ಒಮ್ಮತವಿಲ್ಲ. ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ಭಾಷೆಯಾಗಿ ಇದೆ. ಮಗಳು ಪಾಠ ಓದುತ್ತಾಳೆ, ಅರ್ಥ ಹೇಳುತ್ತಾಳೆ, ಆದರೆ ಮೂರು ವಾಕ್ಯ ಮಾತನಾಡು ಎಂದರೆ ತಲೆ ತಗ್ಗಿಸುತ್ತಾಳೆ. ತಂಗಿಯ ಮಗ ಧೈರ್ಯವಾಗಿ ಮಾತನಾಡುತ್ತಾನೆ, ಆದರೆ ವಿಜ್ಞಾನದ ಉತ್ತರವನ್ನು ಅರ್ಥ ತಿಳಿಯದೆ ಒಪ್ಪಿಸುತ್ತಾನೆ. ಮೊದಲನೆಯದು ಮುಂದೆ ಸರಿಹೋಗುವ ಕೊರತೆ ಎಂಬುದು ನನ್ನ ಅಭಿಪ್ರಾಯ, ಹಾಗೆ ಹೇಳಿ ಹೇಳಿ ಏಳನೆಯ ತರಗತಿ ಬಂತಲ್ಲ ಎಂಬುದು ಅವರ ಪ್ರಶ್ನೆ. ಇನ್ನೊಂದು ಲೆಕ್ಕವನ್ನು ಪೋಷಕರು ಸಾಮಾನ್ಯವಾಗಿ ಗಮನಿಸುವುದಿಲ್ಲ: ಸಿಇಟಿಯಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಾತಿ ಇದೆ, ಮತ್ತು ಇವು ಒಂದನೆಯ ತರಗತಿಯಿಂದಲೇ ಎಣಿಕೆಯಾಗುತ್ತವೆ. ಪಟ್ಟಣದ ಶಾಲೆಯ ವ್ಯಾನು ಹತ್ತಿಸಿದ ದಿನ ಎರಡೂ ಕೈತಪ್ಪಬಹುದು.

ಈ ವರ್ಷ ನನಗೆ ಅತಿ ಹೆಚ್ಚು ಬೇಸರ ತಂದದ್ದು ದಸರಾ ರಜೆ. 2025ರ ಸೆಪ್ಟೆಂಬರ್ 22ರಂದು ಆರಂಭವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನೇ ಹಚ್ಚಿದ್ದರಿಂದ, ಅಕ್ಟೋಬರ್ 8ರಂದು ತೆರೆಯಬೇಕಿದ್ದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ರಜೆಯನ್ನು 18ರವರೆಗೆ ವಿಸ್ತರಿಸಲಾಯಿತು, ಅದರ ಬೆನ್ನಿಗೇ ದೀಪಾವಳಿ ಬಂತು. ಸಮೀಕ್ಷೆ ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಪಟ್ಟಣದ ಶಾಲೆಯ ವ್ಯಾನು ಬೆಳಿಗ್ಗೆ ನಮ್ಮ ಮನೆಯ ಮುಂದೆ ಹಾದುಹೋಗುವಾಗ ನನ್ನ ಮಕ್ಕಳು ಜಗಲಿಯ ಮೇಲೆ ಕುಳಿತು ನೋಡುತ್ತಿದ್ದರು, ಮತ್ತು ಆ ಹತ್ತು ದಿನ ನನ್ನ ಆಯ್ಕೆಯನ್ನು ಸಮರ್ಥಿಸಿಕೊಳ್ಳಲು ನನಗೆ ಮಾತು ಹೊರಡಲಿಲ್ಲ.

ಶೌಚಾಲಯದ ಬಗ್ಗೆ ಬರೆಯದಿದ್ದರೆ ಈ ವಿಮರ್ಶೆ ಪ್ರಾಮಾಣಿಕವಾಗುವುದಿಲ್ಲ. ಕಟ್ಟಡವಿದೆ, ನೀರೂ ಇದೆ, ತೊಳೆಯುವವರಿಲ್ಲ. ಅದಕ್ಕೆ ಹುದ್ದೆಯೇ ಇಲ್ಲ. ಆರನೆಯ ತರಗತಿಯಲ್ಲಿ ಮಗಳ ನೀರಿನ ಬಾಟಲಿ ಸಂಜೆ ತುಂಬಿಕೊಂಡೇ ಹಿಂತಿರುಗುತ್ತಿದ್ದುದರ ಕಾರಣ ನನಗೆ ತಿಳಿಯಲು ಎರಡು ತಿಂಗಳು ಹಿಡಿಯಿತು. ಎಸ್‌ಡಿಎಂಸಿಯಿಂದ ಹತ್ತು ಮನೆಗಳಲ್ಲಿ ಹಣ ಕೂಡಿಸಿ, ವಾರಕ್ಕೆ ಮೂರು ದಿನ ಒಬ್ಬ ಮಹಿಳೆಯನ್ನು ಗೊತ್ತುಮಾಡಿದೆವು. ನಾನು ಸಮಿತಿಯಿಂದ ಹೊರಬಂದ ಮೇಲೂ ಅದು ನಡೆಯುತ್ತಿದೆ, ಆದರೆ ಹಣ ಕೊಡುವ ಮನೆಗಳು ಆರಕ್ಕೆ ಇಳಿದಿವೆ. ಮಕ್ಕಳನ್ನು ವ್ಯಾನಿಗೆ ಹತ್ತಿಸಿದವರು ಶಾಲೆಗೆ ಕೊಡುವುದನ್ನೂ ನಿಲ್ಲಿಸುತ್ತಾರೆ, ಕೇಳುವುದನ್ನೂ ನಿಲ್ಲಿಸುತ್ತಾರೆ. 2019ರಲ್ಲಿ 97 ಇದ್ದ ದಾಖಲಾತಿ ಈಗ 64.

ಮಗಳನ್ನು ಮುಂದಿನ ಜೂನ್‌ನಲ್ಲಿ ಮೂರು ಕಿಲೋಮೀಟರ್ ದೂರದ ಸರ್ಕಾರಿ ಪ್ರೌಢಶಾಲೆಗೇ ಸೇರಿಸುತ್ತೇವೆ. ಅಲ್ಲಿ ಗಣಿತಕ್ಕೂ ವಿಜ್ಞಾನಕ್ಕೂ ಕಾಯಂ ಶಿಕ್ಷಕರಿದ್ದಾರೆಂದು ವಿಚಾರಿಸಿಕೊಂಡಿದ್ದೇವೆ. ಮಗನನ್ನು ಐದನೆಯ ತರಗತಿಯವರೆಗೆ ಇಲ್ಲೇ ಓದಿಸಿ, ಆರನೆಯ ತರಗತಿಗೆ, ಸರ್ಕಾರದ್ದೇ ಇಂಗ್ಲಿಷ್ ಮಾಧ್ಯಮ ಶಾಲೆಯಾದ ಆದರ್ಶ ವಿದ್ಯಾಲಯದ ಪ್ರವೇಶ ಪರೀಕ್ಷೆ ಬರೆಸುವ ಆಲೋಚನೆಯಿದೆ.

ಪಕ್ಕದ ಮನೆಯ ಹುಡುಗಿಯೊಬ್ಬಳು ಬರುವ ವರ್ಷ ಒಂದನೆಯ ತರಗತಿಗೆ ಬರುತ್ತಾಳೆ. ಅವಳ ತಾಯಿ, "ಅಕ್ಕಾ, ನಿಮ್ಮ ಮಕ್ಕಳಿಬ್ಬರೂ ಅಲ್ಲೇ ಓದಿದ್ದಾರೆ, ನೀವೇ ಹೇಳಿ" ಎಂದು ಕೇಳಿದಾಗ, ನನ್ನ ಮಾತು ನಂಬುವ ಬದಲು ಒಂದು ಸಾಮಾನ್ಯ ದಿನ ಹನ್ನೊಂದು ಗಂಟೆಗೆ ಹೋಗಿ, ನಲಿ-ಕಲಿ ಕೊಠಡಿಯ ಹಿಂದೆ ಅರ್ಧ ಗಂಟೆ ಕುಳಿತು ಬಾ, ಕಾರ್ಡು ಮಕ್ಕಳ ಕೈಯಲ್ಲಿದೆಯೋ ಪೆಟ್ಟಿಗೆಯಲ್ಲಿದೆಯೋ ನೋಡು, ಜೂನ್‌ಗೆ ಕಾಯಂ ಶಿಕ್ಷಕಿ ಬರುತ್ತಾರೆಯೇ ಎಂದು ಮುಖ್ಯ ಶಿಕ್ಷಕರನ್ನು ಕೇಳು ಎಂದೆ. ಕಳೆದ ಗುರುವಾರ ಅವಳು ಹೋಗಿಬಂದಿದ್ದಾಳೆ. ಪೆಟ್ಟಿಗೆಯ ಮೇಲೆ ಧೂಳಿತ್ತಂತೆ; ಹುದ್ದೆಗೆ ಹೆಸರು ಕಳುಹಿಸಿದ್ದೇವೆ, ಮೇ ತಿಂಗಳಲ್ಲಿ ಬಂದು ಕೇಳಿ ಎಂದರಂತೆ.