ಮೋಟಾರ್ ಎತ್ತಬೇಕೋ, ಸ್ಟಾರ್ಟರ್ ನೋಡಿದರೆ ಸಾಕೋ: ಮ್ಯೂರಿಲ್ ಜೊತೆ ಎಂಟು ತಿಂಗಳು

ಬೋರ್‌ವೆಲ್ ಪಂಪು ದುರಸ್ತಿ ಮಾಡುವ ಸಣ್ಣ ಕಂಪನಿಯೊಂದರಲ್ಲಿ ದೂರುಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ಅವುಗಳನ್ನು ವಿಂಗಡಿಸಲು ಎಂಟು ತಿಂಗಳಿಂದ ಬಳಸುತ್ತಿರುವುದು ಮ್ಯೂರಿಲ್ ಎಂಬ, ಪಠ್ಯ ಓದುವ ಎಐ ಮಾದರಿಯನ್ನು. ರಾತ್ರಿ ತ್ರೀ ಫೇಸ್ ಕೊಟ್ಟ ಊರುಗಳಿಂದ ಬೆಳಗಾಗುವುದರೊಳಗೆ ವಾಟ್ಸ್‌ಆ್ಯಪ್ ತುಂಬಿರುತ್ತದೆ. ಕೆಲವರು ಕನ್ನಡ ಲಿಪಿಯಲ್ಲಿ ಬರೆದರೆ, ಹೆಚ್ಚಿನವರು ಕನ್ನಡವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಾರೆ. ‘ಇಲ್ಲ’ ಎಂಬ ಒಂದು ಪದ ಸಾಕು: ಒಬ್ಬರಿಗೆ ಒಂದೇ ಎಲ್, ಇನ್ನೊಬ್ಬರಿಗೆ ಎರಡು, ಸಿಟ್ಟು ಬಂದವರಿಗೆ ಕೊನೆಯಲ್ಲಿ ನಾಲ್ಕು ಎ.

ಇವುಗಳನ್ನು ಓದಿ ಯಾರನ್ನು ಕಳುಹಿಸಬೇಕೆಂದು ನಿರ್ಧರಿಸಬೇಕು. ಸ್ಟಾರ್ಟರ್ ಕೆಟ್ಟಿದ್ದರೆ ಬೈಕಿನಲ್ಲಿ ಒಬ್ಬ ಹುಡುಗ ಹೋದರೆ ಆಯಿತು. ಬೋರ್‌ವೆಲ್ ಒಳಗಿನ ಮೋಟಾರ್ ಎತ್ತಬೇಕಾದರೆ ನಾಲ್ಕು ಜನ, ಗಾಡಿ, ಸರಪಳಿ ಎಲ್ಲವೂ ಹೊರಡಬೇಕು. ತಪ್ಪಿದರೆ ಒಂದು ದಿನದ ಕೂಲಿ, ಡೀಸೆಲ್ ಎರಡೂ ನೀರುಪಾಲು.

ಮೊದಲು ಒಂದು ಚಾಟ್ ಸೇವೆಯನ್ನು ಬಾಡಿಗೆಗೆ ಪಡೆದೆವು. ಹೆಸರು ಬೇಡ. ಕೇಳಿದ್ದಕ್ಕೆಲ್ಲ ವಿನಯದಿಂದ ಉತ್ತರಿಸುತ್ತಿತ್ತು, ಆದರೆ ನಾವು ಕೊಟ್ಟ ಆರು ವಿಭಾಗಗಳ ಜೊತೆಗೆ ತನ್ನದೇ ಏಳನೆಯದನ್ನು ಆಗಾಗ ಹುಟ್ಟಿಸುತ್ತಿತ್ತು.

ಬಳಿಕ ಮ್ಯೂರಿಲ್‌ಗೆ ಬಂದೆವು. ಗೂಗಲ್‌ನ ಭಾರತದ ಸಂಶೋಧನಾ ತಂಡ ರೂಪಿಸಿದ ಈ ಮಾದರಿಯ ಪ್ರಬಂಧ 2021ರಲ್ಲಿ ಹೊರಬಂತು. ಇಂಗ್ಲಿಷ್ ಸೇರಿ 17 ಭಾಷೆಗಳು ಇದರಲ್ಲಿವೆ. ಇದು ಹರಟುವುದಿಲ್ಲ, ಉತ್ತರ ಬರೆಯುವುದಿಲ್ಲ. ನಾವು ಗುರುತು ಹಾಕಿದ ದೂರುಗಳನ್ನು ತೋರಿಸಿ ಪಳಗಿಸಿದರೆ, ಹೊಸ ದೂರು ಯಾವ ವಿಭಾಗದ್ದೆಂದು ಹೇಳುತ್ತದೆ, ಅಷ್ಟೇ. ನನ್ನನ್ನು ಗೆದ್ದದ್ದು ಬೇರೆ ವಿಷಯ: ಇದನ್ನು ಕಲಿಸುವಾಗ ಭಾರತೀಯ ಭಾಷೆಗಳ ಪಠ್ಯವನ್ನು ಇಂಗ್ಲಿಷ್ ಅಕ್ಷರಕ್ಕೆ ಇಳಿಸಿ ಅದನ್ನೂ ಉಣಿಸಿದ್ದಾರೆ. ಹಾಗಾಗಿ ನಮ್ಮ ರೈತರ ಬರಹ ಇದಕ್ಕೆ ತೀರಾ ಅಪರಿಚಿತವಲ್ಲ. ಇಂಥ ಮಾದರಿಗಳು ಪದಗಳನ್ನು ತುಂಡು ಮಾಡಿಕೊಂಡೇ ಓದುತ್ತವೆ. ಗೂಗಲ್‌ನದೇ ಆದ, 104 ಭಾಷೆಗಳ ಹಳೆಯ ಬರ್ಟ್ ಮಾದರಿ ಕನ್ನಡದ ಉದ್ದ ಪದಗಳನ್ನು ಚೂರುಚೂರು ಮಾಡುತ್ತಿತ್ತು. ಇದರ ಕತ್ತರಿ ಅಷ್ಟು ನಿರ್ದಯವಲ್ಲ.

ಪಳಗಿಸುವುದು ಒಂದು ಮಧ್ಯಾಹ್ನದ ಕೆಲಸ. ಗುರುತು ಹಾಕುವುದಕ್ಕೆ ಹಿಡಿದದ್ದು ಐದು ವಾರ. ‘ನೀರು ಬರುತ್ತಿಲ್ಲ’ ಎಂಬ ಎರಡು ಪದಗಳ ಮೇಲೆ ನಾನೂ ನಮ್ಮ ಹಿರಿಯ ಮೆಕ್ಯಾನಿಕ್ಕೂ ಮೂರು ದಿನ ಜಗಳವಾಡಿದೆವು. ನನಗೆ ಅದು ಮೋಟಾರ್ ದೂರು. ಅವರು ಒಪ್ಪಲಿಲ್ಲ. ‘ಮೋಟಾರ್ ಓಡುತ್ತಿದ್ದು ನೀರು ಬರದಿದ್ದರೆ ಬಾವಿ ಬತ್ತಿರಬಹುದು, ಪೈಪು ಒಡೆದಿರಬಹುದು. ಓಡದೇ ಇದ್ದರೆ ಮೊದಲು ಸ್ಟಾರ್ಟರ್ ನೋಡಿ, ಮೇಡಂ’ ಎಂದರು. ಕೊನೆಗೆ ‘ತಿರುಗಿ ಕೇಳಬೇಕು’ ಎಂಬ ವಿಭಾಗವನ್ನೇ ಸೇರಿಸಿದೆವು. ಈಗ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಅದೇ. ಕರೆಂಟೇ ಬಂದಿಲ್ಲ ಎನ್ನುವವರಿಗೆ ‘ನಮ್ಮದಲ್ಲ’ ಎಂದು ಇನ್ನೊಂದು.

ಒಂದು ಪೆಟ್ಟನ್ನೂ ತಿಂದೆವು. ‘ಮೋಟಾರ್ ಸುಟ್ಟಿಲ್ಲ, ಸ್ಟಾರ್ಟರ್ ಮಾತ್ರ ನೋಡಿ’ ಎಂದು ಬರೆದವರ ಹೊಲಕ್ಕೆ ನಾಲ್ವರ ತಂಡ ಹೋಗಿ ನಿಂತಿತ್ತು. ತಪ್ಪು ನಮ್ಮದೇ. ನಾವು ಕೊಟ್ಟ ಉದಾಹರಣೆಗಳಲ್ಲಿ ‘ಸುಟ್ಟ’ ಎಂದು ಇದ್ದಲ್ಲೆಲ್ಲ ಮೋಟಾರ್ ನಿಜವಾಗಿಯೂ ಸುಟ್ಟಿತ್ತು, ಆದ್ದರಿಂದ ಮ್ಯೂರಿಲ್ ಪದವನ್ನು ಕಲಿತಿತ್ತು, ವಾಕ್ಯವನ್ನಲ್ಲ. ಇಂಥ ಇನ್ನೂರು ‘ಇಲ್ಲ’ಗಳನ್ನು ಕುಳಿತು ಬರೆದು ಮತ್ತೆ ಕಲಿಸಿದ ಮೇಲೆ ದಾರಿಗೆ ಬಂತು.

ಡೌನ್‌ಲೋಡ್‌ಗೆ ಕಾಸಿಲ್ಲ, ನಮ್ಮ ಕಚೇರಿಯ ಹಳೆಯ ಕಂಪ್ಯೂಟರಿನಲ್ಲೇ ಓಡುತ್ತದೆ, ರೈತರ ಫೋನ್ ನಂಬರು ಹೊರಗೆ ಹೋಗುವುದಿಲ್ಲ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಉಳಿದ ಒಂದನ್ನು ಹಿಡಿದಿಟ್ಟದ್ದು ಧ್ವನಿ ಸಂದೇಶಗಳಿಗಾಗಿ. ಅಕ್ಷರ ಮಾತ್ರ ಓದುವ ಮಾದರಿಯಿಂದ ಅದನ್ನು ಕೇಳುವುದು ನ್ಯಾಯವಲ್ಲ, ಗೊತ್ತು. ಆದರೂ ಎರಡೆರಡು ನಿಮಿಷದ ಆ ಸಂದೇಶಗಳನ್ನು, ಹಿನ್ನೆಲೆಯ ಟ್ರ್ಯಾಕ್ಟರ್ ಸದ್ದಿನ ಸಮೇತ, ಈಗಲೂ ಕೇಳುವವಳು ನಾನೇ.