ಹೋಂಸ್ಟೇ ರೂಟರ್‌ಗೆ ಓಪನ್‌ಡಬ್ಲ್ಯೂಆರ್‌ಟಿಯಾ, ಓಪಿಎನ್‌ಸೆನ್ಸಾ?

ಎರಡೂ ರೂಟರ್ ನಡೆಸುವ ತಂತ್ರಾಂಶಗಳು. ಮಡಿಕೇರಿ ಕಡೆ ಜುಲೈ ಮಳೆ ಹಿಡಿದರೆ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು. ಹಾಗಾಗಿ ನಾನು ಮೊದಲು ನೋಡುವುದು ಕರೆಂಟ್ ಖರ್ಚು.

ಓಪನ್‌ಡಬ್ಲ್ಯೂಆರ್‌ಟಿ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಮೇಲೆ ನಿಂತಿದೆ. 128 ಎಂಬಿ ರ‍್ಯಾಮ್ ಇರುವ ಪುಟ್ಟ ರೂಟರ್‌ನಲ್ಲೂ ಓಡುತ್ತದೆ. 12 ವೋಲ್ಟ್‌ನ ಚಿಕ್ಕ ಯುಪಿಎಸ್ ಸಾಕು. ವೈಫೈ ರೂಟರ್‌ನಲ್ಲೇ ಇರುತ್ತದೆ. ಫೈಬರ್ ಕಡಿದರೆ ತಾನಾಗಿ 4ಜಿಗೆ ಹೊರಳಲು ಎಂವ್ಯಾನ್3 ಪ್ಯಾಕೇಜ್ ಹಾಕಿಕೊಳ್ಳಬೇಕು. ಮರ ಬೀಳುವ ಊರಲ್ಲಿ ಅದು ಬೇಕೇ ಬೇಕು, ಅಲ್ವಾ? ಆದರೆ ನಿಮ್ಮ ಮಾಡೆಲ್ ಬೆಂಬಲಿತ ಪಟ್ಟಿಯಲ್ಲಿದೆಯೇ ನೋಡಿಯೇ ಕೊಳ್ಳಿ.

ಓಪಿಎನ್‌ಸೆನ್ಸ್ ಫ್ರೀಬಿಎಸ್‌ಡಿ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಮೇಲಿನದು, 2015ರಲ್ಲಿ ಪಿಎಫ್‌ಸೆನ್ಸ್ ಎಂಬ ಇಂಥದೇ ತಂತ್ರಾಂಶದಿಂದ ಕವಲೊಡೆಯಿತು. 64 ಬಿಟ್ ಪಿಸಿ ಬೇಕು, ಅಂದರೆ ಕರೆಂಟ್ ಖರ್ಚೂ ಹೆಚ್ಚು. ವೈಫೈಗೆ ಬೇರೆ ಆಕ್ಸೆಸ್ ಪಾಯಿಂಟ್ (ವೈಫೈ ಹರಡುವ ಪೆಟ್ಟಿಗೆ) ಇಟ್ಟರೇ ವಾಸಿ. ಫೈರ್‌ವಾಲ್ (ಬೇಡದ ಸಂಪರ್ಕ ತಡೆಯುವುದು), ವಿಪಿಎನ್ (ದೂರದಿಂದ ಸುರಕ್ಷಿತವಾಗಿ ಸೇರುವ ದಾರಿ) ಇವುಗಳ ಸೆಟ್ಟಿಂಗ್ ಪರದೆಗಳು ಮಾತ್ರ ಬಲು ಅಚ್ಚುಕಟ್ಟು.

ನಾಲ್ಕು ಕೋಣೆಗೆ ಮೊದಲನೆಯದು. ತೋಟದ ಆಫೀಸೂ ಸೇರಿದರೆ ಎರಡನೆಯದು.